ಬೀಜದ ಜೋಳದಂತೆ ಕಾಯ್ದ ಕಂಪ್ಯೂಟರ್

ಜನವರಿ 18, ಭಾನುವಾರ. ಬೆಳಿಗ್ಗೆ 6.10ಕ್ಕೆ ಬರೆಯಲು ಕುಳಿತೆ.

ಕಾಕುವಿನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಕುಡುಗೋಲು ತಾಗಿ ಸೀಳಿದ್ದು ಮತ್ತೆ ಕೂಡಿಕೊಳ್ಳಲೇ ಇಲ್ಲ. ಚಿಪ್ಪಿನಂತೆ ದಪ್ಪಗೆ ಬೆಳೆದಿತ್ತು. ಆ ಉಗುರನ್ನೇ ಸ್ಕ್ರೂವಿನ ಗೀರಿಗೆ ಒತ್ತಿ ತಿರುವಿ ಅವರು ಕಂಪ್ಯೂಟರ್ ಡಬ್ಬಿಯ ಪಕ್ಕದ ತಗಡನ್ನು ಬಿಚ್ಚುತ್ತಿದ್ದರು. ನಾನು ಸ್ಕ್ರೂಡ್ರೈವರ್ ಕೊಡಲು ಹೋದರೆ, "ಕಬ್ಬಣ ಯಾಕಬೇ, ಅದಕ್ಕ ನೋವಾಗತೈತಿ" ಎನ್ನುತ್ತಿದ್ದರು.

ದಿಗ್ಗೇವಾಡಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಓಣಿಯ ಮಕ್ಕಳಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಆ ಕಂಪ್ಯೂಟರ್ ಅವರ ಮಗಳದು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕ ಶಾಲೆಯ ಶಿಕ್ಷಕಿ. ಲಾಕ್‌ಡೌನ್‌ನಲ್ಲಿ ಶಾಲೆ ಮುಚ್ಚಿದಾಗ ಕೂಸನ್ನು ಕಟ್ಟಿಕೊಂಡು ತವರಿಗೆ ಬಂದಳು. ದೇವರ ಕೋಣೆಯ ಪಕ್ಕದಲ್ಲಿ ಕುಳಿತು ನಾಲ್ಕನೆಯ ತರಗತಿಯ ಕನ್ನಡ ಪಾಠಗಳನ್ನು ತನ್ನ ದನಿಯಲ್ಲಿ ರೆಕಾರ್ಡ್ ಮಾಡಿ ಮಕ್ಕಳ ಮನೆಯ ಮೊಬೈಲುಗಳಿಗೆ ಕಳಿಸುತ್ತಿದ್ದಳು. ಎರಡನೆಯ ಅಲೆಯಲ್ಲಿ ಹೋದಳು. ಆಸ್ಪತ್ರೆಯಲ್ಲಿ ಅವಳ ಮೊಬೈಲೂ ಕಳೆಯಿತು. ಮುಂದಿನ ವರ್ಷ ಅವಳ ಗಂಡ ಬೇರೆ ಲಗ್ನವಾದ. ಕೂಸು ಕಾಕುವಿನ ಬಳಿಯೇ ಉಳಿಯಿತು. ಮನೆಯಲ್ಲಿ ಅಕ್ಕನ ದನಿ ಉಳಿದದ್ದು ಆ ಡಬ್ಬಿಯಲ್ಲಿ ಮಾತ್ರ. ಮೊಮ್ಮಗಳು ಒಂದನೆಯ ತರಗತಿಗೆ ಹೋಗುವ ದಿನ ತಾಯಿಯ ದನಿ ಕೇಳಿಸಬೇಕು, ಅಲ್ಲಿಯವರೆಗೆ ಯಾರೂ ಅದನ್ನು ಹಚ್ಚಕೂಡದು ಎಂದು ಕಾಕು ನಿಶ್ಚಯಿಸಿಬಿಟ್ಟರು.

ಊರಲ್ಲಿ ಬಿತ್ತನೆಗೆ ಬೀಜದ ಜೋಳ ಕಾಯುವುದರಲ್ಲಿ ಕಾಕುವಿನ ಕೈಯೇ ಕೈ. ತೆನೆ ಆರಿಸಿ, ಬಿಸಿಲಿಗೆ ಹಾಕಿ, ಬೂದಿ ಸವರಿ, ಬೇವಿನ ಸೊಪ್ಪು ಬೆರೆಸಿ, ಗಾಳಿಯಾಡದಂತೆ ಬಾಯಿ ಬಿಗಿದು ಇಡುತ್ತಿದ್ದರು. ಕಂಪ್ಯೂಟರನ್ನೂ ಹಾಗೆಯೇ ಇಟ್ಟರು. ಪ್ರತಿ ಅಮಾವಾಸ್ಯೆ ಕಾಕುವಿನ ಮಗ ಟ್ರ್ಯಾಕ್ಟರ್ ತೊಳೆದು ಪೂಜೆ ಮಾಡುವಾಗ ಇವರು ಡಬ್ಬಿಯನ್ನು ಪಡಸಾಲೆಗೆ ತಂದು ನನ್ನನ್ನು ಕೂಗುತ್ತಿದ್ದರು. ಕಬ್ಬಿನ ಒಣ ಎಲೆಯ ರವದಿ ಸುಡುವ ದಿನಗಳಲ್ಲಿ ಅದರ ಕರಿ ಬೂದಿ ಮನೆಯ ಮೂಲೆ ಮೂಲೆಗೂ ಬೀಳುತ್ತದೆ. ಅದನ್ನು ಡಬ್ಬಿಯೊಳಗಿನ ಫ್ಯಾನಿನ ಎಲೆಗಳ ಮೇಲಿಂದ ಬಣ್ಣ ಹಚ್ಚುವ ಬ್ರಷ್ಷಿನಿಂದ ತೆಗೆಯುವುದು ನನ್ನ ಕೆಲಸ. ಕಾಕು ಒಣ ಬಟ್ಟೆಯಲ್ಲಿ ತಗಡು ಒರೆಸುತ್ತಿದ್ದರು. ಆಮೇಲೆ ಒಳಗೆ ಹೊಸ ಬೇವಿನ ಸೊಪ್ಪು ಇಟ್ಟು, ತಮ್ಮ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ, ಅದರ ಮೇಲೆ ಗೊಬ್ಬರದ ಚೀಲ ಎಳೆದು ಹಗ್ಗ ಬಿಗಿಯುತ್ತಿದ್ದರು.

ನಾನು ಸುಮ್ಮನಿರಲಿಲ್ಲ. "ಕಾಕು, ಸೊಪ್ಪು ಇಡಬ್ಯಾಡ್ರಿ, ಹಸಿ ಹಿಡೀತೈತಿ. ತಿಂಗಳಿಗೊಮ್ಮೆ ಒಂದ್ ತಾಸು ಚಾಲೂ ಮಾಡೂಣ. ಹಚ್ಚಲಿಲ್ಲಂದ್ರನ ಕೆಡತೈತ್ರಿ."

"ನಿನ್ನೆ ಹುಟ್ಟೀದಿ, ನನಗ ಕಾಯೂದು ಕಲಸ್ತೀಯೇನಬೇ? ನಮ್ಮ ಲಗ್ನದ ಕ್ಯಾಸೆಟ್ ಹಚ್ಚಿ ಹಚ್ಚಿ ಸವದ ಹೋತು. ಕಡೀಕ ಬರೇ ಕರ್ರ್ ಅನ್ನೂದು."

"ಇದು ಕ್ಯಾಸೆಟ್ ಅಲ್ರಿ. ಬೇಕಂದ್ರ ಪೆನ್‌ಡ್ರೈವ್‌ಗೆ ತಗದ ಕೊಡ್ತೀನಿ."

"ಇವತ್ತ ನಿನ್ನ ಪೆನ್‌ಡ್ರೈವು, ನಾಳೆ ಊರ ಮಂದಿ ಕಿಸೆ. ಬ್ಯಾಡ. ಬೀಜದ ಜ್ವಾಳ ಯಾರರೆ ನಡುವ ತಿಂತಾರೇನು?"

ಅವರ ಮಗನೂ ಹೇಳಿ ಸೋತಿದ್ದ. "ನಿನ್ನ ಸಾಲಿ ಮುಗೀತೇನ? ಹೋಗ, ಚಾ ಕುಡಿ" ಎಂದು ನನಗೇ ನಗುತ್ತಿದ್ದ. ಮಗಳನ್ನು ಕಳೆದುಕೊಂಡವರ ಕೈಯಿಂದ ಏನನ್ನಾದರೂ ಕಿತ್ತುಕೊಳ್ಳುವುದು ಹೇಗೆ? ಪ್ರತಿ ಮಳೆಗಾಲದಲ್ಲೂ ಕೃಷ್ಣೆಯ ನೀರು ಹಿತ್ತಲ ಅಂಚಿಗೆ ಬಂದು ನಿಲ್ಲುತ್ತಿತ್ತು, ಗೋಡೆಗಳು ಮೊಣಕಾಲೆತ್ತರಕ್ಕೆ ಬೆವರುತ್ತಿದ್ದವು. ಗಂಟು ಕೋಣೆಯಲ್ಲಿ ಹಾಗೆಯೇ ಇತ್ತು.

ಕಳೆದ ಜೂನ್, ಶಾಲೆ ಆರಂಭದ ದಿನ. ಮೊಮ್ಮಗಳಿಗೆ ಎಣ್ಣೆ ಹಚ್ಚಿ ಎರೆದು, ಸಮವಸ್ತ್ರ ತೊಡಿಸಿ, ಮಣೆಯ ಮೇಲೆ ಕೂರಿಸಿದ್ದರು. ಕಾಕು ಹಗ್ಗ ಬಿಚ್ಚಿದರು. ನಾನು ಸ್ವಿಚ್ ಒತ್ತಿದೆ. ಏನೂ ಆಗಲಿಲ್ಲ. ತಗಡು ತೆಗೆದು ಬೋರ್ಡ್ ಬಿಚ್ಚಿ ನೋಡಿದರೆ, ಎಂದೋ ಅದರ ಹಿಂದೆ ಜಾರಿದ ಬೇವಿನ ಸೊಪ್ಪು ಕರಗಿ ಅಂಟಿಕೊಂಡಿತ್ತು. ಅದರ ಸುತ್ತ ಹಸಿರು ಕಿಲುಬು.

ಅದೇ ಮಧ್ಯಾಹ್ನ ಕಾಕು, ನಾನು ಡಬ್ಬಿ ಹೊತ್ತು ಚಿಕ್ಕೋಡಿಗೆ ಹೋದೆವು. ರಿಪೇರಿಯವನು ಒಳಗೆ ಇಣುಕಿ ನಕ್ಕ. "ಇದೇನ್ರಿ ಮಾವಶಿ, ಕಂಪ್ಯೂಟರೋ ಜ್ವಾಳ ತುಂಬೂ ಹಗೇವೋ?" ಕಾಕುವಿನ ಮುಖ ನೋಡಿದವನು ಮತ್ತೆ ನಗಲಿಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಚ್ಚಿದ. ಕಿವಿಯ ಹತ್ತಿರ ಹಿಡಿದು ಬಹಳ ಹೊತ್ತು ನಿಂತ. ಅದು ತಿರುಗಲಿಲ್ಲ. ಅವನೇ ಪುಣೆಗೂ ಕಳಿಸಿ ನೋಡಿದ. ಜುಲೈಯಲ್ಲಿ ಅದು ಹಾಗೆಯೇ ಮರಳಿ ಬಂತು. ತರಲು ಇಬ್ಬರೂ ಮತ್ತೆ ಚಿಕ್ಕೋಡಿಗೆ ಹೋದೆವು. "ಏನೂ ಸಿಗೂದಿಲ್ರಿ" ಎಂದಷ್ಟೇ ಹೇಳಿದ.

ಬಸ್ ನಿಲ್ದಾಣದಲ್ಲಿ ಕಾಕು ಡಿಸ್ಕನ್ನು ಸೆರಗಿನಲ್ಲಿ ಕಟ್ಟಿಕೊಂಡರು. ರಾಯಬಾಗದ ಬಸ್ಸು ಬಂದಾಗ, "ಜೊಳ್ಳಾತಬೇ" ಎಂದರು.

ಅದಕ್ಕಿಂತ ಕೆಟ್ಟದ್ದು ಶ್ರಾವಣದ ಒಂದು ಸಂಜೆ ನಡೆಯಿತು. ಮೊಮ್ಮಗಳು ಪಾಟಿ ಹಿಡಿದು ಬಂದು ಕೇಳಿದಳು: "ಆಯಿ, ಅವ್ವ ಹೆಂಗ ಮಾತಾಡತಿದ್ಲು? ಮಾಡಿ ತೋರ್ಸು." ಕಾಕು ಗಂಟಲು ಸರಿಮಾಡಿಕೊಂಡು, "ಮಕ್ಕಳೇ..." ಎಂದರು. ನಿಲ್ಲಿಸಿದರು. ಇನ್ನೊಮ್ಮೆ ಅಂದರು. ಬಂದದ್ದು ಅವರದೇ ಒಡಕು ದನಿ. "ಹಿಂಗಲ್ಲಬೇ. ಹಿಂಗಲ್ಲ." ನನ್ನ ಕಡೆ ತಿರುಗಿದರು. "ನಿನಗರೆ ನೆನಪೈತೇನ?" ನಾನು ಕಣ್ಣು ಮುಚ್ಚಿ ಹುಡುಕಿದೆ. ಅಕ್ಕನ ಮುಖ ಬಂತು, ಜಡೆ ಬಂತು. ದನಿ ಬರಲಿಲ್ಲ. ಸವೆದೀತೆಂದು ಅಷ್ಟು ವರ್ಷ ಕೇಳದೆ ಉಳಿದ ತಾಯಿಗೂ ಅದು ಮರೆತುಹೋಗಿತ್ತು.

ಅಂದಿನಿಂದ ಕಾಕುವಿನ ಮಾತು ಕಡಿಮೆಯಾಯಿತು, ಆಮೇಲೆ ಊಟ. ದೀಪಾವಳಿ ಕಳೆದ ಮೇಲೆ ಹೋದರು. ಈ ಸಲ ಬೀಜದ ತೆನೆ ಆರಿಸಲು ಓಣಿಯ ಹೆಂಗಸರು ಯಾರನ್ನು ಕೇಳಬೇಕೋ ತಿಳಿಯದೆ ಅಂಗಡಿಯ ಬೀಜದ ಚೀಲ ತಂದರು. ನನಗೆ ಕಾಳಿನ ಗಟ್ಟಿ, ಜೊಳ್ಳು ನೋಡುವುದನ್ನು ಕಲಿಸಿದವರು ಅವರು.

ಓದುಗರಲ್ಲಿ ಒಂದು ಬೇಡಿಕೆ. ಲಾಕ್‌ಡೌನ್‌ನಲ್ಲಿ ರಾಯಬಾಗ, ಚಿಕ್ಕೋಡಿ ಕಡೆ ನಿಮ್ಮ ಮನೆಯ ಮಗು ನಾಲ್ಕನೆಯ ತರಗತಿಯಲ್ಲಿದ್ದರೆ, ಅಟ್ಟದ ಮೇಲೋ ಕಪಾಟಿನಲ್ಲೋ ಆಗಿನ ಮೊಬೈಲು ಬಿದ್ದಿದ್ದರೆ, ದಯವಿಟ್ಟು ಒಮ್ಮೆ ಚಾರ್ಜ್ ಮಾಡಿ ನೋಡಿ. ಹೆಣ್ಣುದನಿಯ ಕನ್ನಡ ಪಾಠ ಸಿಕ್ಕರೆ ಕೊನೆಯವರೆಗೆ ಕೇಳಿ. ಪಾಠದ ನಡುವೆ ಒಂದು ಕೂಸು ಅತ್ತರೆ, ಶಿಕ್ಷಕಿ "ತಡೀರಿ ಮಕ್ಕಳೇ, ಬಂದೆ" ಎಂದು ಎದ್ದು ಹೋದರೆ, ಅಳಿಸಬೇಡಿ. ಪ್ರಕಾಶಕರ ವಿಳಾಸಕ್ಕೆ ನನಗೊಂದು ಸಾಲು ಬರೆಯಿರಿ. ಆ ಕೂಸಿಗೆ ಈಗ ಓದಲು ಬರುತ್ತದೆ.