ಜೂಜು ತಿಳಿಯದ ಜೂಜುಕೋರ

ಲಾಸ್ ಏಂಜಲೀಸಿನ ಚೀನೀ ಪೇಟೆಯಲ್ಲಿ ಗಿಡಮೂಲಿಕೆ ಮಾರುವ ಲೂಯಿ ಫೂನನಿಗೆ ಇಸ್ಪೀಟಿನಲ್ಲಿ ಆಟೀನು ಯಾವುದು, ಕಳಾವರ ಯಾವುದು ಎಂದು ಐವತ್ತು ದಾಟಿದರೂ ತಿಳಿಯದು. ಆದರೆ ಹಾಲಿವುಡ್ಡಿನ ಟಾಕಿಯಲ್ಲಿ ಜೂಜಿನ ಅಡ್ಡೆ ಬಂತೆಂದರೆ ಮೂಲೆಯ ಮೇಜಿಗೆ ಜೂಜುಕೋರನಾಗಿ ಕೂರಲು ಅವನೇ ಬೇಕು. ಕರೆ ಬಂದ ದಿನ ಅಂಗಡಿಗೆ ಬೀಗ ಜಡಿದು, ಜೋಲು ಮೀಸೆ ಅಂಟಿಸಿಕೊಂಡು, ಕನ್ನಡಿಯ ಮುಂದೆ ಹುಬ್ಬು ಗಂಟಿಕ್ಕುವುದನ್ನು ಅಭ್ಯಾಸ ಮಾಡುವನು. "ಇವತ್ತು ಯಾರ ಕೈಲಿ ಸಾಯ್ತೀಯೋ ಮಾವ?" ಎಂದು ಪಕ್ಕದ ಲಾಂಡ್ರಿಯವನು ಕೆಣಕಿದರೆ, "ಯಾರಾದ್ರೇನು, ಬೇಗ ಸತ್ರೆ ಬೇಗ ಮನೆಗೆ ಬಿಡ್ತಾರೆ ಕಣೋ" ಎಂದು ನಗುವನು. ಅಡ್ಡೆಯ ಚೀನೀ ಯಜಮಾನನ ಪಾತ್ರ ಮಾತ್ರ ಕಣ್ಣಿನ ಅಂಚಿಗೆ ಅಂಟುಪಟ್ಟಿ ಎಳೆದುಕೊಂಡ ಬಿಳಿಯನಿಗೇ ಮೀಸಲು. ಅವನಿಗೆ ಕಡ್ಡಿ ಹಿಡಿದು ಉಣ್ಣಲು ಕಲಿಸುವವನೂ ಫೂನನೇ. ಹೋದ ವರ್ಷ ನಿರ್ದೇಶಕ ಮೊದಲ ಸಲ ಫೂನನಿಗೂ ಆಡಲೊಂದು ಮಾತು ಕೊಟ್ಟ: "ನಿನ್ನ ಭಾಷೇಲಿ ಏನಾದ್ರೂ ಬೈಯಯ್ಯ, ನಮಗೇನು ಗೊತ್ತಾಗುತ್ತೆ!" ಫೂನ ಮೇಜು ಗುದ್ದಿ ಕ್ಯಾಮೆರಾದತ್ತ ಗರ್ಜಿಸಿದ: "ಏ ಸೂಲಾನ್, ಊಟ ಆಯ್ತೇನೇ?" ಸೂಲಾನ್ ಚೀನಾದ ಊರಲ್ಲಿರುವ ಹೆಂಡತಿ; ಈ ದೇಶದ ಕಾನೂನು ಅವಳನ್ನು ಒಳಗೆ ಬಿಡದು, ಇಬ್ಬರೂ ಮುಖ ನೋಡಿ ಹದಿನಾಲ್ಕು ವರ್ಷ. ಚಿತ್ರ ಹಡಗು ಹತ್ತಿ ಅವಳಿರುವ ಕ್ಯಾಂಟನ್ನಿಗೂ ಹೋಯಿತು. ಮೊನ್ನೆ ಅವಳ ಕಾಗದ ಬಂತು: "ಟಾಕೀಸಲ್ಲಿ ಎದ್ದು ನಿಂತು, 'ಆಯ್ತೂರೀ, ನಿಮ್ದು?' ಅಂದುಬಿಟ್ಟೆ. ಜನ ಎಲ್ಲ ನಕ್ಕರು. ನಾಳೆ ಮತ್ತೆ ಹೋಗ್ತೀನಿ."