ಕೆಂಪಕ್ಕ ಕಾಲು ಚಾಚಿದ್ದು

ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು ಅಂತ ಗಾದೆ ಕಟ್ಟಿದವರು ಜಗಳೂರಿನ ಕೆಂಪಕ್ಕನನ್ನು ನೋಡಿರಲಿಲ್ಲ. ಆಕೆ ಕೂತೇ ದುಡಿದವಳು. ಯಾರಾದರೂ ಹಳೆ ಸೀರೆ, ಸವೆದ ಪಂಚೆ ತಂದುಕೊಟ್ಟರೆ ಸಾಕು, ನೆಲದ ಮೇಲೆ ಹರವಿ, ಅದರ ಮೇಲೇ ಬಲಗಾಲು ಮಡಚಿ ಎಡಗಾಲು ಉದ್ದಕ್ಕೆ ಚಾಚಿ ಕೂತು, ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಕೌದಿ ಮಾಡಿಬಿಡುತ್ತಿದ್ದಳು. ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿದಾಗ ಒಳಗೊಂದು ರೊಟ್ಟಿಚೂರು ಇಟ್ಟು ಮುಚ್ಚುವಳು. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದು, ಹೊದ್ದವರಿಗೆ ನಿದ್ದೆ ಹತ್ತೋದಿಲ್ಲ ಅನ್ನುವುದು ಅತ್ತೆಯಿಂದ ಬಂದ ಮಾತು. ಊರಿಗೆಲ್ಲ ಹೊಲಿದವಳು ತನಗೆ ಅಂತ ಹೊಲಿಯಲು ಹಿಡಿದದ್ದು ಒಂದೇ ಕೌದಿ, ತಾಯಿಯ ಸೀರೆಗಳದ್ದು. ಅದು ಅರ್ಧಕ್ಕೆ ನಿಂತಿತ್ತು.

ನಿಲ್ಲಿಸಿದ್ದು ಸಂಧಿವಾತ. ಮೊದಲು ಬೆರಳಿಗೆ ಬಂತು, ಬೆರಳನ್ನು ಬಿಟ್ಟು ಎಡಗಡೆ ಸೊಂಟದ ಕೀಲಿಗೆ ಇಳಿದು ಅಲ್ಲೇ ಠಿಕಾಣಿ ಹೂಡಿತು. ಕೂತರೆ ಎಬ್ಬಿಸಲು ಗಂಡ ಮೈಲಾರಿ ಪಂಕ್ಚರ್ ಅಂಗಡಿ ಬಿಟ್ಟು ಓಡಿಬರಬೇಕಿತ್ತು. ದಾವಣಗೆರೆಯ ಡಾಕ್ಟರು ನೋಡಿ, ಕೀಲು ಬದಲಿಸಲೇಬೇಕು, ಆದರೆ ಮೂಳೆಯ ಗೋಡೆ ಸವೆದಿರುವುದರಿಂದ ರೆಡಿಮೇಡ್ ಕೀಲು ಕೂರೋದಿಲ್ಲ, ಈಕೆಗೇ ಅಂತ ಒಂದು ಮಾಡಿಸಬೇಕು ಅಂದರು. ಚೆನ್ನಾಗಿ ನಡೆಯಬಹುದು, ನೆಲದ ಮೇಲೆ ಕೂರುವುದನ್ನು ಮಾತ್ರ ಮರೆತುಬಿಡಿ ಅಂತಲೂ ಸೇರಿಸಿದರು. ಕೆಂಪಕ್ಕ ಸೆರಗು ಸರಿಮಾಡಿಕೊಂಡು ಎದ್ದಳು.

“ನಡ್ಕಂಡು ಎಲ್ಲಿಗೆ ಹೋಗ್ಲಿ ಸಾರ್? ನನ್ನ ಕೆಲ್ಸ ಇರೋದೇ ಕೂರಾಕೆ. ಕೂರಾಕೆ ಆಗದಿದ್ರೆ ಈ ನೋವೇ ಇರ್ಲಿ ಬಿಡಿ.”

ಆ ಹಟ ಕೀಲು ವಿನ್ಯಾಸ ಮಾಡುವ ಅಂಬಿಕಾಳ ಕಿವಿಗೆ ಬಿತ್ತು. ನ್ಯಾಮತಿ ಕಡೆಯ ಹುಡುಗಿ, ಇಂಜಿನಿಯರು. ಕಂಪ್ಯೂಟರ್ ಮುಂದೆ ಕೂತು ಮೂಳೆ ನೋಡಿ ನೋಡಿ ಬೇಸತ್ತಿದ್ದಳೋ ಏನೋ, ಆಕೆ ಹೇಗೆ ಕೂರುತ್ತಾರೆ ಅಂತ ನಾನೇ ನೋಡಿ ಬರ್ತೀನಿ, ಆಮೇಲೆ ಆಗುತ್ತೋ ಇಲ್ಲವೋ ಹೇಳೋಣ ಅಂದು ಡಾಕ್ಟರನ್ನು ಒಪ್ಪಿಸಿ ಜಗಳೂರಿನ ಬಸ್ಸು ಹತ್ತಿದಳು.

ಕೆಂಪಕ್ಕ ಅಂದು ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಅಂಬಿಕಾ ಕುರ್ಚಿ ಬೇಡವೆಂದು ಚಾಪೆಯ ಮೇಲೇ ಕೂತು, ಕೆಲಸ ಮಾಡುವಾಗ ಕೂರುವ ಹಾಗೆ ಕೂರಿ ಅಂದಳು. ಮನೆಗೆ ಬಂದ ಆಫೀಸರಮ್ಮನ ಮುಂದೆ ಕಾಲು ಚಾಚುವುದು ಅಂದರೇನು! ಕೆಂಪಕ್ಕ ಎರಡೂ ಕಾಲು ಮಡಚಿ, ಪಾದ ಕಾಣದಂತೆ ನೆರಿಗೆ ಎಳೆದುಕೊಂಡು ದೇವರ ಮುಂದೆ ಕೂತಂತೆ ಕೂತಳು. ಜೀವ ಹೋಗುವಷ್ಟು ನೋವು. ಕಣ್ಣಲ್ಲಿ ನೀರು ಬಂದದ್ದಕ್ಕೆ ಧೂಳು ಬಿತ್ತು ಅಂದಳು. ಮೈಲಾರಿ ಏನೋ ಹೇಳಲು ಬಾಯಿ ತೆರೆದ, ಹೆಂಡತಿಯ ನೋಟ ನೋಡಿ ಟೀ ಕಾಯಿಸಲು ಹೋದ. ಅಂಬಿಕಾ ವಿಡಿಯೋ ತೆಗೆದುಕೊಂಡು, ಇಷ್ಟಾದರೆ ಮಾಡಬಹುದು ಅಂತ ಖುಷಿಯಾಗಿ ಹೋದಳು.

ಮುಂದಿನ ಸಲ ಬಂದಾಗ ಅವಳ ಚೀಲದಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಸೊಂಟದ ಮೂಳೆಯಿತ್ತು. ಸ್ಕ್ಯಾನ್ ನೋಡಿ ಮಾಡಿದ ಕೆಂಪಕ್ಕನದೇ ಮೂಳೆ. ಜೊತೆಗೆ ಹೊಸ ಕೀಲಿನ ಬಟ್ಟಲು ಮತ್ತು ಅದರಲ್ಲಿ ಕೂರುವ, ತೊಡೆಮೂಳೆಗೆ ಸೇರುವ ಕುತ್ತಿಗೆಯಿದ್ದ ಗುಂಡು, ಅವೂ ಸದ್ಯಕ್ಕೆ ಪ್ಲಾಸ್ಟಿಕ್ಕಿನವು. ಲೋಹದಲ್ಲಿ ಮಾಡಿಸುವ ಮೊದಲು ಒಮ್ಮೆ ತೋರಿಸೋಣ ಅಂತ ತಂದಿದ್ದಳು. ಕೆಂಪಕ್ಕ ಸವೆದ ಜಾಗದ ಮೇಲೆ ಬೆರಳಾಡಿಸಿದಳು. ತನ್ನ ಮೂಳೆಯ ಮೇಲೆ ಅವಳಿಗೇ ಕನಿಕರ ಬಂತು. ಬಟ್ಟಲಿನ ಹೊರಮೈ ತುಂಬ ಸಣ್ಣ ಸಣ್ಣ ತೂತು ಯಾಕೆ ಅಂತ ಕೇಳಿದಳು.

“ನಿಮ್ಮ ಮೂಳೆ ಆ ತೂತುಗಳೊಳಗೆ ಬೆಳೀತೈತೆ ಕೆಂಪಕ್ಕ. ಅದು ತುಂಬಿಕೊಂಡ್ರೇನೆ ಬಟ್ಟಲು ಗಟ್ಟಿ ಕೂರೋದು.”

“ಹಂಗಾರೆ ಇದಕ್ಕೂ ಹೊಟ್ಟೆ ಐತೆ ಅನ್ನು,” ಅಂದಳು ಕೆಂಪಕ್ಕ. ಸಂಭ್ರಮದಲ್ಲಿ ನೋವೂ ಸಂಕೋಚವೂ ಮರೆತುಹೋಯಿತು. ಅರ್ಧಕ್ಕೆ ನಿಂತ ಕೌದಿಯನ್ನು ಎಳೆದು ಹರವಿ, ಅದರ ಮೇಲೆ ಎಡಗಾಲು ಚಾಚಿ ಕೂತು, ನಡುವಿನ ಖಾಲಿ ಜಾಗ ತೋರಿಸಲು ದೂರಕ್ಕೆ ಬಾಗಿದಳು.

ಅಂಬಿಕಾ ಕೌದಿ ನೋಡಲಿಲ್ಲ, ಕಾಲು ನೋಡಿದಳು. ಹೊಲಿಯುವಾಗ ಹೀಗಾ ಕೂರೋದು ಅಂತ ಕೇಳಿದಳು. ಬಾಗಿಲಲ್ಲಿದ್ದ ಮೈಲಾರಿ, ಹೀಗೇ ಕೂರೋದು, ಅವತ್ತು ಮಾಡಿದ್ದು ನಾಟಕ ಅಂದುಬಿಟ್ಟ. ಅಂಬಿಕಾ ಗುಂಡನ್ನು ಬಟ್ಟಲಲ್ಲಿ ಕೂರಿಸಿ, ಕೆಂಪಕ್ಕ ಬಾಗಿದಷ್ಟೇ ಬಾಗಿಸಿದಳು. ಗುಂಡಿನ ಕುತ್ತಿಗೆ ಬಟ್ಟಲಿನ ಮುಂದಿನ ಅಂಚಿಗೆ ತಗುಲಿತು. ಗುಂಡು ಹಾರಿ ಕೌದಿಯ ಮೇಲೆ ಉರುಳಿತು. ಮೈಯೊಳಗೆ ಹೀಗಾಗಿದ್ದರೆ ಏನು ಗತಿ ಅಂತ ಮೂವರಿಗೂ ಅರ್ಥವಾಯಿತು.

“ಮೊದಲೇ ಯಾಕೆ ಹೀಗೆ ಕೂರಲಿಲ್ಲ ಕೆಂಪಕ್ಕ?” ಅಂಬಿಕಾ ಗುಂಡನ್ನು ಎತ್ತಿಕೊಂಡು ಕೇಳಿದಳು.

“ನಿನ್ನ ಮುಂದೆ ಕಾಲು ಚಾಚ್ಕಂಡು ಕೂರಾದಾ? ನಮ್ಮವ್ವ ನಂಗೆ ಅಷ್ಟೂ ಬುದ್ಧಿ ಹೇಳಿಲ್ಲ ಅಂದ್ಕಂಡ್ಯಾ?”

ಅಂಬಿಕಾ ಹೋಗಿ ಕೀಲಿನ ನಕ್ಷೆಯನ್ನು ಮೊದಲಿನಿಂದ ಬರೆದಳು. ಬಟ್ಟಲನ್ನು ಒಂದಿಷ್ಟು ತಿರುಗಿಸಿದಳು, ಮುಂದಿನ ಅಂಚನ್ನು ತಗ್ಗಿಸಿದಳು. ಡಾಕ್ಟರು ನೋಡಿ, ದಪ್ಪ ದಿಂಬಿನ ಮೇಲೆ ಕೂತು ಕಾಲು ಚಾಚಲು ಅಡ್ಡಿಯಿಲ್ಲ, ಆದರೆ ಕುಕ್ಕರಗಾಲು ಕೂಡದು ಅಂದರು. ಉಳಿದ ಷರತ್ತನ್ನು ಅಂಬಿಕಾ ಮುಚ್ಚುಮರೆಯಿಲ್ಲದೆ ಹೇಳಿದಳು. ಇನ್ನು ಕೆಂಪಕ್ಕ ಬಟ್ಟೆಯ ಹಿಂದೆ ಬಾಗಿಕೊಂಡು ಹೋಗಬಾರದು, ಬಟ್ಟೆಯನ್ನೇ ತನ್ನ ಹತ್ತಿರಕ್ಕೆ ಎಳೆದುಕೊಳ್ಳಬೇಕು. ಇಷ್ಟು ವರ್ಷದ ರೂಢಿ, ಬಿಡುವುದು ಸುಲಭವೇ? ಕೆಂಪಕ್ಕ ಯೋಚಿಸಿ ಹೂಂ ಅಂದಳು.

ಆಪರೇಷನ್ ಆಯಿತು. ಮೂಳೆ ತೂತುಗಳಲ್ಲಿ ತುಂಬಿಕೊಳ್ಳುವ ತನಕ ಕೋಲು ಹಿಡಿದು ನಡೆದದ್ದೂ ಆಯಿತು. ಡಾಕ್ಟರು ಇನ್ನು ಕೂರಬಹುದು ಅಂದ ಮೇಲೆ ಕೆಂಪಕ್ಕ ನಿಂತ ಕೌದಿಯನ್ನು ಮತ್ತೆ ಹಿಡಿದಳು, ಅದು ಮುಗಿಯುತ್ತ ಬಂದಾಗ ಅಂಬಿಕಾಗೆ ಫೋನು ಮಾಡಿಸಿ, ಬರುವಾಗ ಏನೂ ತರಬೇಡ, ಹಸಿದು ಬಾ ಅಂದಳು.

ಅಂಬಿಕಾ ಬಂದಾಗ ತಾಯಿಯ ಸೀರೆಯ ಕೌದಿಯಲ್ಲಿ ಅಂಗೈಯಷ್ಟು ಜಾಗ ಬಾಕಿಯಿತ್ತು. ರೊಟ್ಟಿ ಊಟವಾದ ಮೇಲೆ ಕೆಂಪಕ್ಕ ಅವಳ ಕೈಯಿಂದಲೇ ಒಂದು ಚೂರನ್ನು ಒಳಗೆ ಇಡಿಸಿದಳು. ಆಮೇಲೆ ದಿಂಬಿನ ಮೇಲೆ ನಿಧಾನವಾಗಿ ಕೂತು, ಕೌದಿಯನ್ನು ತನ್ನತ್ತ ಎಳೆದುಕೊಂಡು ಸೂಜಿ ಹಿಡಿದಳು. ಎಡಗಾಲು ಉದ್ದಕ್ಕೆ ಹೋಗಿ ಅಂಬಿಕಾಳ ಮಡಿಲಿಗೆ ತಾಗಿತು. ಮೈಲಾರಿ ಬೇಕೆಂದೇ ಕೆಮ್ಮಿ, ಬಂದವರ ಮುಂದೆ ಇದೇನು ಅಂತ ಕೆಣಕಿದ. ಕೆಂಪಕ್ಕ ಕಾಲು ಎಳೆದುಕೊಳ್ಳಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಬಂದೋರು ಯಾರಿದಾರೆ ಇಲ್ಲಿ? ಇದು ನಮ್ಮ ಹುಡುಗಿ,” ಅಂದಳು.