ಮುಳುಗುವ ಗೋಡೆಗೆ ಸುಣ್ಣ

ಜರ್ಮನಿಗೆ ಬಂದ ಹೊಸದು. ನಾನು ನರ್ಸಾಗಿ ಸೇರಿದ ವೃದ್ಧಾಶ್ರಮದ ಟಿವಿಯಲ್ಲಿ ಕೋಟು ತೊಟ್ಟವರು ವಾದಿಸುತ್ತಿದ್ದರು. ಅವರ ಓಡುವ ಭಾಷೆ ಇನ್ನೂ ಎಟುಕುತ್ತಿರಲಿಲ್ಲ, ಅಂಕಿಗಳಷ್ಟೇ ತಿಳಿಯುತ್ತಿದ್ದವು. ಕಬ್ಬಿನ ದರದ ಜಗಳವಿರಬೇಕು ಅಂದುಕೊಂಡೆ. ನಾನು ಸೂಪು ಕುಡಿಸುತ್ತಿದ್ದ ಅಜ್ಜಿ ನಿಧಾನವಾಗಿ ಬಿಡಿಸಿ ಹೇಳಿದಳು: ದೇಶ ಬಿಟ್ಟು ಓಡಿಬಂದವರಲ್ಲಿ ಎಷ್ಟು ಮಂದಿಯನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂಬ ಚರ್ಚೆಯಂತೆ. ನನ್ನ ಕೈಯ ಚಮಚ ಅಲ್ಲೇ ನಿಂತಿತು. ನಮ್ಮೂರು ಬಾಗಲಕೋಟೆಯಲ್ಲಿ ಬಾಗಿಲಿಗೆ ಬಂದವರಿಗೆ ಮೊದಲು ನೀರು, ಬೆಲ್ಲ. ಆಮೇಲೆ ಯಾವೂರ್ರಿ ಅನ್ನುವುದು. ಎಷ್ಟು ಜನ ಬಂದಿರಿ ಎಂದು ಕೇಳಿದರೆ ನಮ್ಮಜ್ಜಿ ತಲೆಗೆ ಮೊಟಕುತ್ತಿದ್ದಳು.

ನಾನಿರುವ ಕಟ್ಟಡದಲ್ಲಿ ಕೇರ್‌ವೋಖೆ ಎಂಬುದೊಂದಿದೆ, ಮೆಟ್ಟಿಲು ಗುಡಿಸುವ ವಾರ. ಬಾಗಿಲಿಗೆ ಫಲಕ ನೇತುಹಾಕಿದರೆ ಆ ವಾರ ಮಹಡಿಯ ಮೆಟ್ಟಿಲೆಲ್ಲ ನಮ್ಮವು. ನನ್ನ ಪಾಳಿ ಬಂದಾಗ ಊರಿನ ಅಂಗಳವೆಂದೇ ತಿಳಿದು ಕೊಡಗಟ್ಟಲೆ ನೀರು ಹೊಯ್ದೆ. ಕೆಳಮನೆಯವರು ಕೂಗಾಡುತ್ತ ಬಂದರು. ಆಗ ಒರೆಸಲು ಬಟ್ಟೆ ಹಿಡಿದು ಎದುರುಮನೆಯಿಂದ ಹೊರಬಂದವಳೇ ಝರ್ಮೀನಾ.

ಅಫ್ಘಾನಿಸ್ತಾನದವಳು, ಪೇಶಾವರದಲ್ಲಿ ಬೆಳೆದವಳು. ಅವಳಿಗೆ ಅಲ್ಲಿಯ ಉರ್ದು. ನನಗೆ ಹಳೇ ಬಾಗಲಕೋಟೆಯ ಓಣಿಯಲ್ಲಿ ಮಗ್ಗುಲಮನೆಯ ಖಾಲಾ ಕಲಿಸಿದ ಉರ್ದು. ಅವಳ ಮಾತು ನನ್ನ ಕಿವಿಗೆ ನಮ್ಮೂರ ಕನ್ನಡವಾಗಿಯೇ ಬೀಳುತ್ತಿತ್ತು.

"ನಿಮ್ಮೂರಾಗ ಮೆಟ್ಟಿಲಿಗೂ ಜಳಕಾ ಮಾಡಸ್ತೀರೇನ?" ಅಂದಳು ಅವತ್ತು.

ಅವಳ ತಂಗಿ ಪಲ್ವಶಾ ಇನ್ನೂ ಪೇಶಾವರದಲ್ಲೇ ಕಾಯುತ್ತಿದ್ದಳು. ಅವಳನ್ನು ಕರೆಸಿಕೊಳ್ಳಲು ಇಲ್ಲಿಯ ಸರಕಾರ ಒಪ್ಪಬೇಕು. ಟಿವಿಯಲ್ಲಿ ಒಳಗೆ ಬಿಡುವವರ ಅಂಕಿ ಏರಿದ ದಿನ ಝರ್ಮೀನಾ ಏಲಕ್ಕಿ ಚಹಾ ಕಾಸುತ್ತಿದ್ದಳು. ಇಳಿದ ದಿನ ಬಾಗಿಲೇ ತೆರೆಯುತ್ತಿರಲಿಲ್ಲ. ಒಂದು ಭಾನುವಾರ ತಂಗಿಗೆಂದು ಸಣ್ಣ ಕೋಣೆಗೆ ಬಿಳಿ ಬಣ್ಣ ಬಳಿಯತೊಡಗಿದಳು.

ಅಂಕಿಗೆ ಕಾಯುವುದು ನನಗೆ ಹೊಸದಲ್ಲ. ಆಲಮಟ್ಟಿ ಅಣೆಕಟ್ಟಿನ ನೀರು ಎಷ್ಟು ಎತ್ತರಕ್ಕೆ ನಿಲ್ಲಬೇಕೆಂದು ದೂರದಲ್ಲಿ ಯಾರೋ ಕೂತು ಮಾತಾಡುತ್ತಿದ್ದ ಕಾಲ. ಅಪ್ಪ ಚಹಾದಂಗಡಿಗೆ ಹೋಗಿ, "ಎಷ್ಟಕ್ಕ ಬಂತ್ರಿ?" ಎಂದು ಕೇಳಿ ಬರುತ್ತಿದ್ದ. ನಮ್ಮ ಮನೆ ಉಳಿಯುವುದೂ ಮುಳುಗುವುದೂ ಆ ಅಂಕಿಯ ಕೈಯಲ್ಲಿತ್ತು. ಆ ವರ್ಷವೂ ಅವ್ವ ದೀಪಾವಳಿಗೆ ಸುಣ್ಣ ಕಲಸಿದಳು.

"ಮುಳುಗೋ ಗ್ವಾಡಿಗೆ ಸುಣ್ಣಾ ಯಾಕ ಹಚ್ಚಾಕತ್ತೀಯವ್ವಾ?" ಅಂದ ನಮ್ಮಜ್ಜ.

"ಗ್ವಾಡಿಗೆ ಇನ್ನೂ ಗೊತ್ತಿಲ್ಲಲ್ರಿ, ಮಾವ," ಅಂದಳು ಅವ್ವ, ಕೈ ನಿಲ್ಲಿಸದೆ.

ಆ ಗೋಡೆ ಮುಳುಗಿತು. ಅವ್ವ ಈಗ ಮನೆ ಮುಳುಗಿದವರಿಗೆಂದು ಕಟ್ಟಿದ ನವನಗರದಲ್ಲಿ ಸೆಕ್ಟರ್ ನಂಬರಿನ ಮನೆಯಲ್ಲಿದ್ದಾಳೆ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹೋಗಿ ಹಳೇ ಮನೆಯ ಕಟ್ಟೆ ನೋಡಿಬರುತ್ತಾಳೆ.

ಮೊನ್ನೆ ಇಲ್ಲಿಯ ತೀರ್ಮಾನವೂ ಬಂತು: ಪೇಶಾವರದಲ್ಲಿ ಕಾಯುತ್ತಿರುವವರನ್ನು ಸದ್ಯ ಕರೆಸುವುದಿಲ್ಲ. ಫೋನಿನಲ್ಲಿ ಅವ್ವನಿಗೆ ಹೇಳಿದೆ.

"ಆ ಹುಡುಗಿ ಬಂದ್ರ ಆ ದೇಶದವರ ಊರೇನ ಮುಳುಗತಿತ್ತೇನ?" ಅಂದಳು.

"ಇಲ್ಲವ್ವಾ."

"ನಿನ್ನ ಹೆಂಗ ಒಳಗ ಬಿಟ್ರು ಮತ್ತ?"

"ಇಲ್ಲಿ ನರ್ಸ್ ಕಡಿಮಿ ಅದಾರಲ್ಲ, ಅದಕ್ಕ."

"ಕೆಲಸಕ್ಕ ಬೇಕಾದವರಿಗೆ ಒಂದು ಬಾಗಲಾ, ಜೀವಾ ಉಳಿಸಿಕೊಳ್ಳಾಕ ಬಂದವರಿಗೆ ಒಂದು ಬಾಗಲಾ," ಅಂದು ಫೋನಿಟ್ಟಳು. ಎರಡು ಹೊತ್ತು ಅನ್ನ ಹಾಕುವ ಈ ದೇಶದ ಪರವಾಗಿ ಏನಾದರೂ ಹೇಳಬೇಕೆನಿಸಿತು.

ಎದುರುಮನೆಗೆ ಹೋದೆ. ಅರ್ಧ ಬಿಳಿಯಾದ ಗೋಡೆಯ ಮುಂದೆ ಝರ್ಮೀನಾ ನೆಲದ ಮೇಲೆ ಕೂತಿದ್ದಳು. ಕುಂಚ ಒಣಗಿ ಕಟ್ಟಿಗೆಯಾಗಿತ್ತು.

"ಇನ್ನ ಯಾರ ಸಲುವಾಗಿ ಬಳೀಲಿ?" ಅಂದಳು.

ಉರ್ದುವಿನಲ್ಲಿ ಹೇಳಲು ಬಾಯಿ ತೆರೆದೆ. ಬಂದದ್ದು ಕನ್ನಡವೇ: "ಗ್ವಾಡಿಗೆ ಇನ್ನೂ ಗೊತ್ತಿಲ್ಲಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಅರ್ಥ ಕೇಳಲೂ ಇಲ್ಲ. ಎದ್ದು ಹೋಗಿ ಕುಂಚ ನೀರಿಗೆ ಹಾಕಿ ಬಂದಳು, ಇನ್ನೊಂದನ್ನು ನನ್ನ ಕೈಗಿಟ್ಟಳು. ಸಂಜೆತನಕ ಇಬ್ಬರೂ ಬಳಿದೆವು. ಕೋಣೆ ಬೆಳ್ಳಗಾಯಿತು. ನಾನು ಮಾತ್ರ ಮತ್ತೆ ಮತ್ತೆ ಕೈ ಮೂಸಿ ನೋಡಿಕೊಳ್ಳುತ್ತಿದ್ದೆ; ಸುಣ್ಣದ ವಾಸನೆ ಬರಲೇ ಇಲ್ಲ.